ಡ್ಯಾಶ್‌ಬೋರ್ಡಿನ ಮೇಲೆ ರಾಗಿ

ಎಂಟು ತಿಂಗಳ ಮಗುವಿನ ಮುಂದೆ ಚಮಚ ಹಿಡಿದು ಕೂತವನಿಗೆ ತಾನು ಎರಡು ಪದವಿ ಪಡೆದವನೆಂಬುದು ಬಹಳ ಬೇಗ ಮರೆತುಹೋಗುತ್ತದೆ. ನಾನು ವಿಮಾನವಾದೆ, ಬಸ್ಸಾದೆ, ಒಂದು ದಿನ ಒಂಟೆಯೂ ಆದೆ. ಮಗಳು ಅನ್ವಿತಾ ಎಲ್ಲವನ್ನೂ ಗಂಭೀರವಾಗಿ ನೋಡಿ ತುಟಿ ಬಿಗಿದಳು. ಸೇಬು, ಕ್ಯಾರೆಟ್, ಅಂಗಡಿಯ ಬಾಟಲಿಯಲ್ಲಿ ಬರುವ ದುಬಾರಿ ಹಣ್ಣಿನ ಗೊಜ್ಜು, ಎಲ್ಲವನ್ನೂ ಉಂಡದ್ದು ಅವಳ ಬಿಬ್.

ನಗುವ ಸಂಗತಿಯೇನಲ್ಲ. ಎರಡು ತಿಂಗಳಿಂದ ಅವಳ ತೂಕ ಅಲ್ಲೇ ನಿಂತಿತ್ತು. ಹೆಂಡತಿ ಸುಮನಾ ಇಲ್ಲೇ ಮಸ್ಕತ್ತಿನ ರೂವಿಯ ಕ್ಲಿನಿಕ್ಕೊಂದರಲ್ಲಿ ನರ್ಸ್. ಅಂಕಿಯ ಮುಂದೆ ಅವಳ ಹತ್ತಿರ ಯಾವ ಸಮಾಧಾನದ ಮಾತೂ ನಡೆಯುವುದಿಲ್ಲ. ಮುಂದಿನ ತಿಂಗಳೂ ತೂಕ ಏರದಿದ್ದರೆ ರಜೆ ಹಾಕಿ ಮಗುವನ್ನು ಉಡುಪಿಗೆ ಕರೆದೊಯ್ಯುತ್ತೇನೆ ಎಂದಳು. ಎಷ್ಟು ದಿನಕ್ಕೆ ಎಂದು ಕೇಳಿದೆ. "ಅವಳು ತಿನ್ನುವವರೆಗೆ." ನನ್ನ ಕೆಲಸ ಶುರುವಾಗುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಬೆಳಗಿನ ಹೊತ್ತಿನ ಅನ್ವಿತಾ ಪೂರ್ತಿ ನನ್ನವಳು. ಆ ಬೆಳಗುಗಳನ್ನು ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ.

ಆಗ ನೆನಪಾದದ್ದು ಅಮ್ಮನ ರಾಗಿ ಮಣ್ಣಿ, ಎಳೆ ಮಕ್ಕಳಿಗೆ ತಿನ್ನಿಸುವ ಗಟ್ಟಿ ಗಂಜಿ. ಬಿಳಿ ಪಂಚೆಯ ಮೇಲೆ ಒಣಗುತ್ತಿದ್ದ ಮೊಳಕೆ ರಾಗಿ, ಪಕ್ಕದಲ್ಲಿ ಹಸಿರು ಸೀರೆಯ ಅಮ್ಮ. ದಿನಚರಿ ಬರೆಯುವ ನಾನು ನೆನಪನ್ನು ಸುಲಭಕ್ಕೆ ನಂಬುವವನಲ್ಲ. ಹಳೆಯ ಪುಟ ತೆರೆದಾಗಲೆಲ್ಲ, ನಾನು ಗೆದ್ದೆನೆಂದುಕೊಂಡ ಜಗಳಗಳಲ್ಲಿ ಸೋತದ್ದು ಗೊತ್ತಾಗುತ್ತದೆ. ಆದರೂ ಈ ಪಂಚೆಯನ್ನು ನಂಬಿದೆ. ಕಷ್ಟದಲ್ಲಿರುವವನು ಸಾಕ್ಷಿಯನ್ನು ಪಾಟೀಸವಾಲಿಗೆ ಎಳೆಯುವುದಿಲ್ಲ.

ರೂವಿಯಿಂದ ರಾಗಿ ತಂದು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಜೂನ್ ತಿಂಗಳ ಮಸ್ಕತ್ತಿನಲ್ಲಿ ನಲ್ಲಿಯ ತಣ್ಣೀರೂ ಬಿಸಿಯಾಗಿಯೇ ಬರುವುದರಿಂದ ಮೊಳಕೆಗೆ ಉಪಚಾರ ಬೇಕಾಗಲಿಲ್ಲ. ಒಣಗಿಸುವುದೆಲ್ಲಿ ಎಂಬುದೇ ಪ್ರಶ್ನೆ. ವಾದಿ ಅದಾಯ್ ಬಡಾವಣೆಯಲ್ಲಿ ನಾವಿರುವ ಕಟ್ಟಡದ ಕೆಳಗೆ ಗ್ಯಾರೇಜು, ಮೇಲೆ ಎಸಿ ಯಂತ್ರಗಳು, ನಡುವೆ ಎಲ್ಲೆಲ್ಲೂ ಧೂಳು. ಆಗ ಕಿಟಕಿಯಿಂದ ಕಂಡದ್ದು ಬಿಸಿಲಲ್ಲಿ ನಿಂತ ನಮ್ಮ ಕಾರು. ಸ್ಟಿಯರಿಂಗ್ ಮುಟ್ಟಿ ಬೆರಳು ಸುಟ್ಟುಕೊಂಡಾಗಲೆಲ್ಲ ನಾಲ್ಕು ವರ್ಷ ನಾನು ಆ ಬಿಸಿಲನ್ನು ಬೈದಿದ್ದೇನೆ. ಈಗ ಗಾಜು ಏರಿಸಿ, ಡ್ಯಾಶ್‌ಬೋರ್ಡಿನ ಮೇಲೆ ತಟ್ಟೆ ಇಟ್ಟು, ತೆಳು ಬಟ್ಟೆ ಮುಚ್ಚಿ ಬಂದೆ. ಎರಡು ಗಂಟೆಯಲ್ಲಿ ರಾಗಿ ಗರಿಗರಿಯಾಗಿತ್ತು.

ಹುರಿದು, ಪುಡಿ ಮಾಡಿ, ಜರಡಿ ಹಿಡಿದು, ನೆನೆಸಿದ ಖರ್ಜೂರದ ರಸ ಬೆರೆಸಿ ಕಾಯಿಸಿದೆ. ಅನ್ವಿತಾ ಒಂದು ಚಮಚ ಬಾಯಿಗೆ ತೆಗೆದುಕೊಂಡಳು, ಯೋಚಿಸಿದಳು, ವಾಪಸು ಕೊಟ್ಟಳು. ಒಂದು ವಾರ ಇದೇ ವ್ಯವಹಾರ. ಸುಮನಾ ಲೀವ್ ಲೆಟರ್ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು.

ನನ್ನನ್ನು ಉಳಿಸಿದವನು ಕೆಳಗಿನ ಗ್ಯಾರೇಜಿನ ಸಲೀಂ. ಓಮಾನಿಯಾದರೂ ಗಿರಾಕಿಗಳೊಂದಿಗೆ ಒಡನಾಡಿ ಹಿಂದಿ ಕಲಿತವನು. ಎರಡನೇ ಸಲ ಒಣಗಿದ ತಟ್ಟೆಯನ್ನು ನಾನು ಕಾರಿನಿಂದ ತೆಗೆಯುತ್ತಿದ್ದಾಗ, ಕಾರಿನಲ್ಲಿ ಮಣ್ಣೇಕೆ ಎಂದು ವಿಚಾರಿಸಿದ. ವಿವರಿಸಿದೆ. ಒಂದು ಚಿಟಿಕೆ ಎತ್ತಿ ಮೂಸಿ, ನನ್ನ ಮುಖ ನೋಡಿದ.

"ಭಾಯ್, ಯೇ ಬಚ್ಚೇ ಕಾ ಖಾನಾ ಹೈ ಯಾ ಶಾದಿ ಕಾ ಅತ್ತರ್?"

ಮಗುವಿನ ಊಟವೋ ಮದುವೆಯ ಅತ್ತರೋ ಎಂದು ಕೇಳಿದವನ ಬೆರಳು, ಕಾರಿನ ಕನ್ನಡಿಗೆ ನಾನೇ ನೇತುಹಾಕಿದ್ದ ಊದ್ ಪರಿಮಳದ ಸೀಸೆಯ ಕಡೆಗಿತ್ತು. ಮುಚ್ಚಿದ ಕಾರಿನಲ್ಲಿ ರಾಗಿಯೂ ಅತ್ತರೂ ಒಟ್ಟಿಗೇ ಬೆಂದಿದ್ದವು. ದಿನಾ ಅದೇ ಕಾರಿನಲ್ಲಿ ಕೂರುವ ನನ್ನ ಮೂಗಿಗೆ ಅದೊಂದು ವಾಸನೆ ಎಂಬುದೇ ಮರೆತಿತ್ತು. ನೆನಪನ್ನು ಅನುಮಾನಿಸುತ್ತ ಬದುಕಿದವನು ಮೂಗನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ರಾಗಿಯ ವಿಷಯದಲ್ಲಿ ಮಗು ಹಟ ಮಾಡುತ್ತಿರಲಿಲ್ಲ; ಮನೆಯಲ್ಲಿ ಸರಿಯಾಗಿ ಮೂಸಬಲ್ಲವಳು ಅವಳೊಬ್ಬಳೇ ಆಗಿದ್ದಳು.

ಸೀಸೆ ಸಲೀಂನ ಪಾಲಾಯಿತು. ಕಾರಿನ ಬಾಗಿಲು ತೆರೆದಿಟ್ಟು, ಸೋಪುನೀರಿನಲ್ಲಿ ಒರೆಸಿ, ನಾಲ್ಕನೇ ದಿನ ಮೂರನೇ ಕಂತಿನ ರಾಗಿ ಒಣಗಿಸಿದೆ. ಮರುದಿನ ಬೆಳಿಗ್ಗೆ ಅನ್ವಿತಾ ಮೊದಲ ಚಮಚ ನುಂಗಿದಳು. ಎರಡನೆಯದಕ್ಕೆ ತಾನೇ ಬಾಯಿ ತೆರೆದಳು. ನಾನು ವಿಮಾನವಾಗಲಿಲ್ಲ, ಬಸ್ಸಾಗಲಿಲ್ಲ. ಐದನೆಯದು ತಡವಾಯಿತೆಂದು ಮೇಜು ಬಡಿದಳು. ಯಾವ ಅಧಿಕಾರಿ ಮೇಜು ಬಡಿದಾಗಲೂ ನಾನು ಇಷ್ಟು ಆನಂದದಿಂದ ಕೇಳಿಲ್ಲ.

ತಿಂಗಳ ಕೊನೆಗೆ ತೂಕ ನಾನೂರೈವತ್ತು ಗ್ರಾಂ ಏರಿತ್ತು. ಸುಮನಾ ನಂಬದೆ ಮೂರು ಸಲ ತೂಗಿದಳು. ಆಮೇಲೆ ಬ್ಯಾಗಿನಿಂದ ಲೀವ್ ಲೆಟರ್ ತೆಗೆದು ಹರಿದು, "ಇನ್ನು ಕಾರನ್ನು ನೆರಳಲ್ಲಿ ನಿಲ್ಲಿಸ್ಬೇಡಿ, ಆಯ್ತಾ?" ಎಂದಳು. ಮಸ್ಕತ್ತಿನಲ್ಲಿ ಯಾವ ಹೆಂಡತಿಯೂ ಗಂಡನಿಗೆ ಇಂಥ ಮಾತು ಹೇಳಿರಲಿಕ್ಕಿಲ್ಲ.

ವಿಜಯದ ವರದಿ ಒಪ್ಪಿಸಲು ಅಮ್ಮನಿಗೆ ಫೋನು ಮಾಡಿದೆ. ನಿನ್ನ ರಾಗಿ ಮಣ್ಣಿಯೇ ಮೊಮ್ಮಗಳನ್ನು ಕಾಪಾಡಿತು ಎಂದೆ.

"ಯಾವ ಮಣ್ಣಿ ಮಾರಾಯ? ರಾಗಿ ಒಣಗಿಸ್ತಾ ಇದ್ದದ್ದು ಪಕ್ಕದ ಮನೆ ಕಲ್ಯಾಣಿಯಕ್ಕ. ನೀನು ಡಬ್ಬಿ ಪುಡಿ ತಿಂದು ದೊಡ್ಡವನಾದದ್ದು. ನಿನ್ನ ಮಾವ ಮಸ್ಕತ್ತಿಂದ ತರ್ತಿದ್ದದ್ದು."

ಹಸಿರು ಸೀರೆಯೂ ಕಲ್ಯಾಣಿಯಕ್ಕನದೇ ಇರಬೇಕು, ಕೇಳುವ ಧೈರ್ಯವಾಗಲಿಲ್ಲ. ನಮ್ಮ ಮನೆಯಲ್ಲಿ ಎಂದೂ ಇಲ್ಲದ ಸಂಪ್ರದಾಯವೊಂದನ್ನು ಉಳಿಸಲು ನಾನು ಇಷ್ಟೆಲ್ಲ ಹೋರಾಡಿ ಗೆದ್ದಿದ್ದೆ. ಗೆಲುವಿನ ರುಚಿ ಅದರಿಂದೇನೂ ಕಡಿಮೆಯಾಗಲಿಲ್ಲ.

ಅಂದಿನ ದಿನಚರಿಯಲ್ಲಿ "ಅನ್ವಿತಾ ಇಡೀ ಬಟ್ಟಲು ಮುಗಿಸಿದಳು" ಎಂದು ಬರೆದೆ. ಬಿಬ್ಬಿನ ಕಡೆ ನೋಡಿ, "ಮುಕ್ಕಾಲು" ಎಂದು ತಿದ್ದಿದೆ. ಆದರೆ ಮುಂದೊಂದು ದಿನ ಅವಳು, ರಾಗಿ ಬೆಳೆಯುವುದು ಕಾರಿನಲ್ಲಿ, ಅಪ್ಪ ಬಾಗಿಲು ತೆರೆದು ಕೊಯ್ದು ತರುತ್ತಿದ್ದರು ಎಂದು ನೆನಪಿಸಿಕೊಂಡು ಹೇಳಿದರೆ, ನಾನು ತಿದ್ದಲು ಹೋಗುವುದಿಲ್ಲ.