ಗಂಟೆಯಜ್ಜನ ಕಲ್ಲಿಗೆ ಎರಡು ಸಿಂಹ

ಮೊನ್ನೆ ಊರಿಗೆ ಹೋಗುವಾಗ, ಪಾಂಡವಪುರದ ರಸ್ತೆಯಲ್ಲಿ ಗ್ರಾನೈಟ್ ಕೊಯ್ಯುವ ಅಂಗಡಿಯ ಮುಂದೆ ಬಸ್ಸು ನಿಂತಿತು. ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರಿನ ಕಂಟ್ರಾಕ್ಟರ್ ನೆನಪಾದ. ನೆನಪಿಸಿಕೊಳ್ಳಲು ಯೋಗ್ಯನಾದ ಮನುಷ್ಯನೇನಲ್ಲ.

ಅವನ ಅಪ್ಪ ನಮ್ಮ ಹಳೆಯ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದರು. ಊರಿಗೆಲ್ಲ ಅವರು ಗಂಟೆಯಜ್ಜ. ಯಾರಾದರೂ ತೀರಿಕೊಂಡರೆ ಒಂದೊಂದೇ ಏಟು, ನಿಧಾನವಾಗಿ... ನಾಲೆಯಾಚೆ ಗೌಡರ ಗದ್ದೆಯಲ್ಲಿದ್ದವರೂ ಮಧ್ಯಾಹ್ನದ ಗಂಟೆ ಕೇಳಿಯೇ ಬುತ್ತಿ ಬಿಚ್ಚುತ್ತಿದ್ದರು. ಮಗ ಕೆ.ಆರ್.ಎಸ್. ಕಡೆ ನಾಲೆ ರಿಪೇರಿಯ ಕೆಲಸ ಹಿಡಿದು ದುಡ್ಡು ಮಾಡಿದ. ಸಫಾರಿ ಸೂಟು ಬಂತು, ಕತ್ತಿಗೆ ಚೈನು ಬಂತು. ಅಪ್ಪ ಹಗ್ಗ ಎಳೆಯುವುದು ಅವಮಾನವಾಯಿತು. ಪೂಜೆಗೆ ಬಂದರೆ ಆ ಮಹಾನುಭಾವ ಗಂಟೆಗೋಪುರದತ್ತ ಕತ್ತೆತ್ತಿಯೂ ನೋಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅಜ್ಜ ತೀರಿಕೊಂಡರು. ಆಗ ಉಕ್ಕಿತು ನೋಡಿ ಪಿತೃಭಕ್ತಿ!

ಚರ್ಚಿನ ಒಳಗೋಡೆಯಲ್ಲಿ ಸತ್ತವರ ನೆನಪಿನ, ಹಳೆಯ ಕಾಲದ ಬಿಳಿ ಕಲ್ಲುಗಳಿದ್ದವು. ಶ್ರೀರಂಗಪಟ್ಟಣದಲ್ಲಿ ಜ್ವರ ಬಂದು ಸತ್ತ ಬಿಳಿಯ ದೊರೆಗಳು, ಅವರ ಹೆಂಡಿರು, ಇಲ್ಲೇ ಮಣ್ಣಾದ ಪರದೇಶದ ಫಾದರುಗಳು. ನಮ್ಮೂರಿನವರ ಹೆಸರು ಒಂದೂ ಇರಲಿಲ್ಲ. ಅಪ್ಪನ ಕಲ್ಲು ದೊರೆಗಳ ಸಾಲಿನಲ್ಲೇ ಇರಬೇಕೆಂದು ಇವನು ಹಟ ಹಿಡಿದ. ಚಾವಣಿ ರಿಪೇರಿ ಮಾಡಿಸಿಕೊಟ್ಟಿದ್ದನಲ್ಲ, ಫಾದರು ಬೇಡವೆನ್ನಲಿಲ್ಲ. ಒಬ್ಬ ದೊರೆಯ ಕಲ್ಲಿನ ನೆತ್ತಿಯಲ್ಲಿ ಎರಡು ಸಿಂಹಗಳಿದ್ದವು, ಯಾವುದೋ ದೇಶದ ಯಾವುದೋ ಮನೆತನದ ಗುರುತು. ಅದರ ಮೇಲೆ ಕಾಗದವಿಟ್ಟು ಇದ್ದಿಲು ಉಜ್ಜಿಸಿ, ಅದೇ ಅಚ್ಚನ್ನು ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಿದ. ಕೆಳಗೆ ಬಂಗಾರದ ಬಣ್ಣದಲ್ಲಿ ‘ಜಮೀನ್ದಾರರು, ಮಹಾದಾನಿಗಳು’. ಅದರಡಿ, ಅಪ್ಪನ ಹೆಸರಿಗಿಂತ ದಪ್ಪಗೆ, ಮಗನ ಹೆಸರು. ಆ ಮುದುಕರ ಹತ್ತಿರ ಇದ್ದದ್ದು ಒಂದು ಹಿತ್ತಿಲು, ಎರಡು ನುಗ್ಗೆಮರ.

ಸತ್ತವರಿಗೆ ಬತ್ತಿ ಹಚ್ಚುವ ಸಕಲ ಆತ್ಮರ ದಿನ ಗಂಟೆಯಜ್ಜನ ಹೆಂಡತಿ, ನಮಗೆಲ್ಲ ಅಜ್ಜಿ, ಮೇಣದ ಬತ್ತಿ ಹಿಡಿದು ಬಂದರು. ಅವರಿಗೆ ಓದು ಬಾರದು. ಪಕ್ಕದ ಮನೆಯ ನಾನು ಆಗಷ್ಟೇ ಟೀಚರ್ ಕೆಲಸಕ್ಕೆ ಸೇರಿದ್ದೆ. ನನ್ನ ಕೈ ಹಿಡಿದು ಕಲ್ಲಿನ ಮುಂದೆ ನಿಂತರು.

“ಇವೇನವ್ವ, ನಾಯಿಗಳಾ?”

“ಸಿಂಹ ಕಣಜ್ಜಿ.”

“ಓದವ್ವ. ಗಂಟೆ ವಡೀತಿದ್ರು ಅಂತ ಎಲ್ ಬರ್ದವ್ರೆ?”

ಇದ್ದದ್ದನ್ನು ಇದ್ದಹಾಗೆ ಓದಿದೆ. ಅಜ್ಜಿ ನನ್ನ ಕೈ ಬಿಟ್ಟರು. “ಇದು ಇನ್ಯಾರ್ದೋ ಕಣವ್ವ” ಎಂದು ಬತ್ತಿ ಹಚ್ಚದೆಯೇ ತಿರುಗಿದರು.

ಬಾಗಿಲಲ್ಲಿದ್ದ ಮಗ ಗದರಿದ: “ಅವ್ವ, ಜನ ನೋಡ್ತಾವ್ರೆ. ಅಚ್ಬುಟ್ಟು ಬಾ.”

“ನಿಮ್ಮಪ್ಪಂದು ಕಲ್ಲು ಆಕ್ಸು ಕಣ್ಲಾ. ಆಮೇಲ್ ಅಚ್ತೀನಿ.”

ಅವನು ಹಾಕಿಸಲಿಲ್ಲ. ಅಜ್ಜಿ ಆ ಬತ್ತಿ ಹಚ್ಚದೆಯೇ ತೀರಿಹೋದರು. ಸತ್ತ ಮೇಲೂ ಬಿಟ್ಟನೇ? ಪಕ್ಕದಲ್ಲೇ ಇನ್ನೊಂದು ಕಲ್ಲು ಎದ್ದಿತು, ‘ಜಮೀನ್ದಾರರ ಧರ್ಮಪತ್ನಿ’, ಸಿಂಹಗಳ ಸಮೇತ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆಮೇಲೆ ಅವನೂ ಸತ್ತ. ನನಗೆ ಅಳು ಬರಲಿಲ್ಲ.

ಮೊನ್ನೆ ಬಸ್ಸಿಳಿದು ಚರ್ಚಿಗೆ ಹೋದೆ. ಗಂಟೆಗೆ ಈಗ ಮೋಟಾರು ಹಾಕಿದ್ದಾರೆ. ಅಜ್ಜ ಹಗ್ಗ ಎಳೆಯುವುದನ್ನು ಕಂಡವರು ಊರಲ್ಲಿ ವರ್ಷವರ್ಷಕ್ಕೂ ಕಮ್ಮಿಯಾಗುತ್ತಿದ್ದಾರೆ... ಒಳಗೆ ಕಂಟ್ರಾಕ್ಟರನ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ಗೆಳತಿಯರಿಗೆ ಕಲ್ಲು ತೋರಿಸುತ್ತಿದ್ದಳು. ಸುಮ್ಮನಿರಲಾಗಲಿಲ್ಲ.

“ನಿಮ್ ಮುತ್ತಾತ ಗಂಟೆ ಹೊಡೀತಿದ್ರಮ್ಮ” ಎಂದೆ.

ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. “ಜಮೀನ್ದಾರರು ಅಂತ ಕಲ್ಲಲ್ಲೇ ಬರ್ದಿದ್ಯಲ್ಲ ಮಿಸ್” ಎಂದಳು.