ಕಿಟಕಿ ಅಕ್ಕನ ಹಳದಿ ಬಳೆ

ನನ್ನ ಗೆಳತಿಗೆ ತನ್ನ ತಂಗಿಯ ಮೇಲೆ ಹೊಟ್ಟೆಕಿಚ್ಚಿತ್ತು. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಹುದೇ ಎಂದು ಯಾರಾದರೂ ಕೇಳಿದರೆ, ಇದೇನೂ ಗುಟ್ಟಲ್ಲ ಎನ್ನುತ್ತೇನೆ. ಬೇರೆಯವರು ತಮ್ಮ ಸಕ್ಕರೆ ಕಾಯಿಲೆಯನ್ನು ಹೇಳಿಕೊಳ್ಳುವ ಹಾಗೆ ಅವಳು ತನ್ನ ಹೊಟ್ಟೆಕಿಚ್ಚನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅದನ್ನು ಬಿಟ್ಟು ಬರೆದರೆ ಅದು ಬೇರೆ ಯಾರದೋ ಬದುಕಾಗುತ್ತದೆ.

ಅವಳು ನಗರಸಭೆಯ ಈಜುಕೊಳದಲ್ಲಿ ಟಿಕೆಟ್ ಕೊಡುತ್ತಿದ್ದಳು. ದಪ್ಪ ಗಾಜಿನಲ್ಲಿ ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿದ ತೂತು, ಅದರ ಹಿಂದೆ ಅವಳ ಮುಖ. ಬಂದುಹೋಗುವವರಿಗೆಲ್ಲ ಅವಳು ಕಿಟಕಿ ಅಕ್ಕ. ಒಂದೇ ಬೆಂಚಿನಲ್ಲಿ ಕೂತು ಓದಿದ ನನಗೆ ಬರೀ ಕಿಟಕಿ. ರಸ್ತೆಯಾಚೆಯ ಗ್ರಂಥಾಲಯದಲ್ಲಿ ನನ್ನ ಕೆಲಸ. ಮಧ್ಯಾಹ್ನವಾದರೆ ಊಟದ ಡಬ್ಬಿ ಹಿಡಿದು ಅವಳ ಆ ಪುಟ್ಟ ಕೋಣೆಗೆ ಹೋಗುತ್ತಿದ್ದೆ. ಕೊಳದ ಕ್ಲೋರಿನ್ ವಾಸನೆ ಗೋಡೆಯಿಂದಲೇ ಬರುತ್ತಿತ್ತು. ಈಗ ಮನೆಯಲ್ಲಿ ಒಬ್ಬಳೇ ಉಣ್ಣುವಾಗ ಏನೋ ಕಡಿಮೆಯಾಗಿದೆ ಅನ್ನಿಸಿ ಉಪ್ಪು ನೋಡುತ್ತೇನೆ. ಉಪ್ಪು ಸರಿಯಾಗಿಯೇ ಇರುತ್ತದೆ.

ಅವರು ಇಬ್ಬರೇ ಮಕ್ಕಳು. ತಂಗಿ ಓಟಗಾತಿ. ಶಾಲೆಯ ಮೈದಾನದಲ್ಲಿ ಅವಳು ಓಡಿದರೆ ಮೇಷ್ಟ್ರುಗಳು ಚಹಾ ಲೋಟ ಕೆಳಗಿಟ್ಟು ನೋಡುತ್ತಿದ್ದರು. ಕಿಟಕಿಯದು ಚಪ್ಪಟೆ ಪಾದ. ಬಸ್ಸು ಹಿಡಿಯಲಿಕ್ಕೂ ಓಡಿದವಳಲ್ಲ. ತಂಗಿಗೆ ಬಂದ ಕಪ್‌ಗಳನ್ನು ಒರೆಸಿಡುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಹಾಗೆ ಒರೆಸುವಾಗಲೇ ತನಗೆ ಈ ರೋಗ ಹತ್ತಿದ್ದು ಎಂದು ಅವಳು ಹೇಳುತ್ತಿದ್ದಳು.

ಮುಂದೆ ತಂಗಿ ಒಬ್ಬ ಬಡಗಿಯನ್ನು ಮದುವೆಯಾಗಿ ಸೇತುವೆಯಾಚೆ ಮನೆ ಕಟ್ಟಿಕೊಂಡಳು. ನಮ್ಮ ನಗರ ಆ ಸೇತುವೆಗೆ ಮುಗಿಯುತ್ತದೆ. ಆಚೆಯವರದು ಬೇರೆಯೇ ಆಡಳಿತ, ಹೆಸರಿಗೊಂದು ಕಂದಾಯ. ಅಕ್ಕ ಮದುವೆಯಾಗಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅಪ್ಪನನ್ನು ಕೊನೆಯತನಕ ನೋಡಿಕೊಂಡಳು, ಅಪ್ಪನ ನಂತರ ಆ ಮನೆ ಅವಳಿಗೆ ಉಳಿಯಿತು. ಅದರ ಜೊತೆಗೆ ವರ್ಷವರ್ಷವೂ ಏರುವ ನಗರಸಭೆಯ ಕಂದಾಯವೂ ಉಳಿಯಿತು. ಕೌಂಟರ್ ತೆರೆದ ಮೊದಲ ದಿನವೇ ಹೋಗಿ ಕಟ್ಟಿ ಬರುತ್ತಿದ್ದಳು, ಬಂದು ಸಂಜೆಯವರೆಗೆ ಬೈಯುತ್ತಿದ್ದಳು.

"ನಮ್ಮ ಬೀದಿದೀಪದ ಕೆಳಗೆ ಅವಳು ಬಸ್ಸಿಗೆ ಕಾಯ್ತಾಳೆ. ನಿನ್ನ ಗ್ರಂಥಾಲಯದ ಪುಸ್ತಕ ಓದ್ತಾಳೆ. ಮನೆಗೆ ಹೋಗಿ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೊಳ್ತಾಳೆ. ಅಂಗಳ ಕಣೇ. ನನಗೆ ಬಟ್ಟೆ ಒಣಗಿಸೋಕೆ ಒಂದು ಸರಳೂ ಇಲ್ಲ."

ನಗರದ ಹಣದಲ್ಲಿ ಆಚೆಯವರು ಸುಖ ಪಡುತ್ತಾರೆ ಎಂಬ ವಾದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಪುಟಗಟ್ಟಲೆ ಅಂಕಿಅಂಶ ಕೊಡುತ್ತಾರೆ. ಕಿಟಕಿಗೆ ಅಂಕಿಅಂಶ ಬೇಕಿರಲಿಲ್ಲ. ಅವಳಿಗೆ ಆಚೆ ಎಂದರೆ ಒಂದೇ ಅಂಗಳ, ಅದರಲ್ಲಿ ಒಂದೇ ಕುರ್ಚಿ.

ಐವತ್ತು ದಾಟಿದ ಮೇಲೆ ತಂಗಿಯ ಸೊಂಟದ ಕೀಲು ಸವೆಯಿತು. ನೆಲದ ಮೇಲೆ ಹೆಜ್ಜೆಯಿಟ್ಟರೆ ನೋವು. ನೀರಿನಲ್ಲಿ ನಡೆಯಿರಿ, ಮೈಭಾರ ನೀರು ಹೊರುತ್ತದೆ, ಸ್ನಾಯು ಉಳಿಯುತ್ತದೆ, ಇಲ್ಲವಾದರೆ ಹಾಸಿಗೆ ಹಿಡಿಯುತ್ತೀರಿ ಎಂದು ವೈದ್ಯರು ಹೇಳಿದರು. ನಡೆಯಲು ನೀರಿದ್ದದ್ದು ನಮ್ಮ ಕೊಳದಲ್ಲಿ ಮಾತ್ರ. ಕೋಲೂರಿಕೊಂಡು ಬೆಳಗಿನ ಹೆಂಗಸರ ಹೊತ್ತಿಗೆ ಬಂದು ತಂಗಿ ಕಿಟಕಿಯ ಮುಂದೆ ನಿಂತಳು.

ಅದೇ ವರ್ಷ ಉಯ್ಯಾಲೆ ಮೊದಲ ಸಲ ನಗರಸಭೆಗೆ ಗೆದ್ದಿದ್ದ. ಉಯ್ಯಾಲೆ ಎಂಬುದು ನಾವಿಬ್ಬರು ಆಮೇಲೆ ಇಟ್ಟ ಹೆಸರು, ಆಗಿನ್ನೂ ಅವನು ನೆಟ್ಟಗೆ ನಿಂತಂತೆ ಕಾಣುತ್ತಿದ್ದ. ಕಂದಾಯ ಕಟ್ಟುವವರು ನಾವು, ಈಜಾಡುವವರು ಅವರು ಎಂದು ಭಾಷಣ ಮಾಡಿಯೇ ಅವನು ಗೆದ್ದದ್ದು. ಗೆದ್ದವನು ಕೊಳದಲ್ಲಿ ಎರಡು ಬಣ್ಣ ತಂದ. ಬಟ್ಟೆಯಿಡುವ ಲಾಕರಿನ ಕೀಲಿಯನ್ನು ರಬ್ಬರ್ ಬಳೆಗೆ ಸಿಕ್ಕಿಸಿ ಕೈಗೆ ಹಾಕಿಕೊಂಡು ನೀರಿಗಿಳಿಯುವುದು ಅಲ್ಲಿನ ಕ್ರಮ. ಈಚೆಯವರಿಗೆ ಹಳದಿ ಬಳೆ, ಬಿಸಿನೀರಿನ ಷವರಿನ ಪಕ್ಕದ ಲಾಕರು. ಆಚೆಯವರಿಗೆ ನೀಲಿ ಬಳೆ, ಎರಡು ಪಟ್ಟು ಟಿಕೆಟ್, ಒದ್ದೆ ನೆಲ ದಾಟಿ ಕೊನೆಯ ಮೂಲೆಯ ಲಾಕರು.

ಕಿಟಕಿಯ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳನ್ನು ನಾನು ನೋಡಿಲ್ಲ. ತಂಗಿ ಬಂದರೆ ಕನ್ನಡಕ ಏರಿಸಿ, ಪರಿಚಯವೇ ಇಲ್ಲದವಳಂತೆ, ಯಾವ ಕಡೆಯವರು ಎಂದು ಕೇಳುತ್ತಿದ್ದಳು.

"ನಿನ್ನ ಕಡೆಯವಳು. ಒಂದೇ ಹೊಟ್ಟೇಲಿ ಹುಟ್ಟಿದ್ದು," ಎನ್ನುತ್ತಿದ್ದಳು ತಂಗಿ.

"ಹೊಟ್ಟೆ ಕೇಳ್ಲಿಲ್ಲ, ವಿಳಾಸ ಕೇಳ್ದೆ."

ಹಿಂದೆ ನಿಂತವರು ನಗುತ್ತಿದ್ದರು. ನೀಲಿ ಬಳೆ ಅರ್ಧಚಂದ್ರದಿಂದ ಜಾರಿ ಬರುತ್ತಿತ್ತು. ತಂಗಿ ಗೋಡೆ ಹಿಡಿದುಕೊಂಡು ಮೂಲೆಯ ಲಾಕರಿನವರೆಗೆ ಹೋಗುವುದನ್ನು ಕಿಟಕಿ ಕತ್ತು ಹೊರಳಿಸಿ ನೋಡುತ್ತಿದ್ದಳು. ಪಾಪ ಅನ್ನಿಸುವುದಿಲ್ಲವೇನೇ ಎಂದು ನಾನು ಕೇಳಿದೆ. ಅನ್ನಿಸುತ್ತದೆ, ಅದಕ್ಕೇ ಜಾಸ್ತಿ ಹೊತ್ತು ನೋಡುವುದಿಲ್ಲ ಎಂದಳು.

ಕೆಲವು ವರ್ಷಗಳಲ್ಲಿ ಉಯ್ಯಾಲೆಗೆ ಶಾಸಕನಾಗುವ ಆಸೆ ಹುಟ್ಟಿತು. ಆ ಕ್ಷೇತ್ರದಲ್ಲಿ ಸೇತುವೆಯ ಎರಡು ಕಡೆಯೂ ಓಟಿದೆ. ರಾತ್ರೋರಾತ್ರಿ ಅವನಿಗೆ ನೀರಿಗೆ ಗಡಿಯಿಲ್ಲ ಎಂದು ಗೊತ್ತಾಯಿತು. ಎಲ್ಲರಿಗೂ ಒಂದೇ ಟಿಕೆಟ್ಟಾಯಿತು, ಹಳದಿ ನೀಲಿ ಬಳೆಗಳು ಒಂದೇ ಬುಟ್ಟಿಗೆ ಬಿದ್ದವು. ಆಚೆ ಹೋಗಿ, ನಗರದ ಕಂದಾಯ ಈ ಸೇತುವೆ ದಾಟಲು ಬಿಡುವುದಿಲ್ಲ ಎಂದ. ಈಚೆ ಬಂದು, ಆಚೆಯವರೂ ಪಾಲು ಕೊಡುವ ಕಾಲ ಬಂತು ಎಂದ. ಎರಡೂ ಮಾತು ಒಂದೇ ವಾರದ ಪತ್ರಿಕೆಗಳಲ್ಲಿ ಬಂದಿದ್ದವು, ನಾನೇ ಅವನ್ನು ಗ್ರಂಥಾಲಯದ ಮೇಜಿನ ಮೇಲೆ ಹರಡಿದ್ದೆ. ತಂಗಿಯ ಅಂಗಳಕ್ಕೂ ಓಟು ಕೇಳಲು ಹೋಗಿ, ಆ ಕುರ್ಚಿಯಲ್ಲೇ ಕೂತು ಕಾಫಿ ಕುಡಿದು ಬಂದ. ಕಿಟಕಿಗೆ ಇದು ತಿಳಿದಾಗ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು. "ನಾನು ಇಷ್ಟು ವರ್ಷ ಕಂದಾಯ ಕಟ್ಟಿದೀನಿ, ನನ್ನ ಮೂರನೇ ಮಹಡಿಗೆ ಒಂದು ನಾಯೀನೂ ಹತ್ತಿ ಬಂದಿಲ್ಲ."

ಅವನು ಸೋತ. ಎರಡು ಕಡೆಯವರೂ ನಂಬಲಿಲ್ಲವಲ್ಲ. ಆ ಸಿಟ್ಟಿಗೆ ನಗರಕ್ಕೆ ಮರಳಿ, ಹೇಗೋ ನಗರಸಭೆಯ ಅಧ್ಯಕ್ಷನಾದ. ಈ ಸಲ ಎರಡು ಪಟ್ಟಿನ ಮಾತೇ ಇಲ್ಲ, ಕಂದಾಯ ಕಟ್ಟದವರಿಗೆ ಕೊಳವೇ ಇಲ್ಲ ಎಂದು ಆದೇಶ ಹೊರಡಿಸಿದ. ಬಾಗಿಲಲ್ಲಿ ಕಾವಲಿನವನು ಹಳದಿ ಬಳೆಯಿಲ್ಲದ ಕೈಯನ್ನು ಒಳಗೆ ಬಿಡುವಂತಿರಲಿಲ್ಲ.

ಬೇಕೆಂದೇ ತಂಗಿ ಮರುದಿನವೂ ಬಂದಳು. ಟಿಕೆಟ್ ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನ ಗೋಡೆಯೊಳಗೆ ಕಾಣುವ ನೀರನ್ನು ನೋಡುತ್ತ ಕೂತಳು. ದಿನಾ ಹಾಗೇ. ಕಿಟಕಿಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಕೊನೆಗೆ ಎದ್ದು ಹೊರಗೆ ಹೋದಳು. ಪುಸ್ತಕದ ಕಟ್ಟು ಹಿಡಿದು ಬರುತ್ತಿದ್ದ ನಾನೂ ಅಲ್ಲೇ ನಿಂತೆ.

"ನನ್ನ ಹೊಟ್ಟೆ ಉರಿಸೋಕೆ ಬರ್ತೀಯಾ?"

"ನಾನೇನು ಒಳಗೆ ಬಿಡು ಅಂದ್ನಾ? ಈ ಬೆಂಚು ಯಾರದು?"

"ನಗರಸಭೇದು."

"ಹಾಗಾದ್ರೆ ಇದಕ್ಕೂ ಟಿಕೆಟ್ ಹರಿ ಅಕ್ಕ. ಯಾಕೆ ಬಿಡ್ತೀಯ?"

ಅಷ್ಟು ಹೇಳಿ ಎದ್ದು ಹೋಗಲು ನೋಡಿದಳು. ಏಳಲಾಗಲಿಲ್ಲ. ಕೋಲು ಊರಿದಳು, ಮತ್ತೆ ಕೂತಳು. ಕಿಟಕಿ ಅವಳ ಕಂಕುಳಿಗೆ ಕೈಹಾಕಿ ಎಬ್ಬಿಸಿ ಬಸ್ ನಿಲ್ದಾಣದವರೆಗೆ ನಡೆಸಿದಳು. ರಸ್ತೆ ದಾಟಲು ಅವರಿಬ್ಬರಿಗೆ ಹಿಡಿದ ಹೊತ್ತಿನಲ್ಲಿ ಎರಡೂ ಬದಿಯ ಗಾಡಿಗಳು ಸಾಲುಗಟ್ಟಿದವು, ಹಾರ್ನ್ ಹೊಡೆದವು. ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಲೇ ಇದ್ದರು.

ಆವತ್ತು ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ತಂಗಿಯನ್ನು ನಿನ್ನ ಮನೆಯಲ್ಲೇ ಇಟ್ಟುಕೊಂಡು ಈಚೆಯ ವಿಳಾಸ ಮಾಡಿಸಬಾರದೇ ಎಂದು ಕೇಳಿದೆ. ಎರಡು ಕೋಣೆಯಲ್ಲಿ ನಾವಿಬ್ಬರೂ ಇದ್ದರೆ ಪೊಲೀಸರೂ ಬಂದಿರಬೇಕಾಗುತ್ತದೆ ಎಂದಳು. ಆಮೇಲೆ ಬಳೆಗಳನ್ನು ಮೊಳೆಗೆ ತೂಗುಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಆ ಕಾಲು ಹೋಗ್ಬಿಟ್ರೆ ನಾನು ಯಾವುದನ್ನ ನೋಡಿ ಹೊಟ್ಟೆ ಉರ್ಕೊಳ್ಳಲೇ?"

ಹೊಸ ಆದೇಶಕ್ಕೊಂದು ಸಮಾರಂಭ ಬೇಕೆಂದು ಉಯ್ಯಾಲೆಗೆ ಅನ್ನಿಸಿತು. ನಿಯತ್ತಾಗಿ ಕಂದಾಯ ಕಟ್ಟಿದ ಒಬ್ಬ ಹಿರಿಯ ನಾಗರಿಕರಿಗೆ ಅವನು ಸ್ವಹಸ್ತದಿಂದ, ಕಾಯಮ್ಮಾಗಿ ಇಟ್ಟುಕೊಳ್ಳುವ ಹಳದಿ ಬಳೆ ತೊಡಿಸುವುದು, ಪತ್ರಿಕೆಯವರು ಫೋಟೋ ತೆಗೆಯುವುದು. ಮ್ಯಾನೇಜರ್ ಕಿಟಕಿಯನ್ನೇ ಆರಿಸಿದರು. ಆ ತಿಂಗಳು ಅವಳ ನಿವೃತ್ತಿ, ಕಂದಾಯದಲ್ಲಿ ಅವಳಷ್ಟು ಕರಾರುವಾಕ್ಕು ಇನ್ನೊಬ್ಬರಿಲ್ಲ. ಅವಳು ಹಿಗ್ಗಿದ್ದನ್ನು ಏನೆಂದು ಹೇಳಲಿ. ಕೂದಲಿಗೆ ಬಣ್ಣ ಹಾಕಿಸಿದಳು. ಮುಖದ ಯಾವ ಪಕ್ಕ ಚೆನ್ನಾಗಿದೆ ಎಂದು ನನ್ನನ್ನು ಕೇಳಿದಳು. ಎಡ ಎಂದೆ. ಬಲಕ್ಕೇನಾಗಿದೆ ಎಂದು ಒಂದು ದಿನ ಮಾತು ಬಿಟ್ಟಳು. ಅವಳ ಫೋಟೋ ಪತ್ರಿಕೆಯಲ್ಲಿ ಬರಲಿಕ್ಕಿದ್ದದ್ದು ಅದೇ ಮೊದಲು. ತಂಗಿಯದು ಶಾಲೆಯ ಕಾಲದಲ್ಲೇ ಬಂದಿತ್ತು.

ಸಮಾರಂಭದ ಬೆಳಿಗ್ಗೆ ಕೊಳದ ಅಂಚಿಗೆ ಕುರ್ಚಿ ಹಾಕಿದ್ದರು. ಸಾರ್ವಜನಿಕರಿಗೆ ಬಾಗಿಲು ತೆರೆದಿತ್ತು, ಬೆಂಚಿನಲ್ಲಿದ್ದ ತಂಗಿಯೂ ಒಳಗೆ ಬಂದು ಅಕ್ಕನ ಹಿಂದೆ ನಿಂತಿದ್ದಳು. ನಾನು ಅವರ ಪಕ್ಕದಲ್ಲಿದ್ದೆ. ಉಯ್ಯಾಲೆ ಮಾತು ಮುಗಿಸಿ ಬಳೆ ಎತ್ತಿಕೊಂಡ. ಮ್ಯಾನೇಜರ್ ಈ ಕಡೆ ಸನ್ನೆ ಮಾಡಿದರು. ಕಿಟಕಿ ಒಂದು ಹೆಜ್ಜೆ ಮುಂದಿಟ್ಟಳು, ನಿಂತಳು. ಪಕ್ಕಕ್ಕೆ ಸರಿದು ತಂಗಿಯ ಬೆನ್ನಿಗೆ ಕೈಯಿಟ್ಟು ನೂಕಿದಳು.

ತಂಗಿಗೆ ಏನಾಗುತ್ತಿದೆ ಎಂದು ಗೊತ್ತಾಗುವ ಮೊದಲೇ ಉಯ್ಯಾಲೆ ಅವಳ ಮುಂಗೈ ಹಿಡಿದಿದ್ದ. ಮುಖ ನೋಡಿದ. ಅವನಿಗೆ ಅಂಗಳ, ಕುರ್ಚಿ, ಕಾಫಿ ಎಲ್ಲ ನೆನಪಾಯಿತು ಎನ್ನುವುದಕ್ಕೆ ನಾನು ಸಾಕ್ಷಿ, ಅಷ್ಟು ಹತ್ತಿರದಲ್ಲಿದ್ದೆ. ಆದರೆ ಕ್ಯಾಮೆರಾಗಳು ಆಗಲೇ ಕಣ್ಣು ಮಿಟುಕಿಸುತ್ತಿದ್ದವು. ಅವನು ನಕ್ಕು, ಬಳೆ ತೊಡಿಸಿ, ಮೈಕಿನಲ್ಲಿ, ಈ ತಾಯಿ ಒಂದು ವರ್ಷವೂ ಕಂದಾಯ ತಪ್ಪಿಸಿದವರಲ್ಲ, ಈ ನೀರು ಇವರದು ಎಂದ. ತಂಗಿ ಏನೋ ಹೇಳಲು ಬಾಯಿ ತೆರೆದಳು.

"ಬಾಯಿ ಮುಚ್ಚಿ ನಗು," ಎಂದಳು ಕಿಟಕಿ, ಹಿಂದಿನಿಂದ.

ಮ್ಯಾನೇಜರ್ ಮುಖ ಸುಣ್ಣದಂತಾಗಿತ್ತು. ಆದರೆ ಅಧ್ಯಕ್ಷರೇ ತೊಡಿಸಿದ ಬಳೆಯನ್ನು ಬಿಚ್ಚುವವರು ಯಾರು? ಅಧ್ಯಕ್ಷರ ಕಚೇರಿಯಿಂದಲೇ ಆ ಫೋಟೋ ಕಟ್ಟು ಹಾಕಿಸಿಕೊಂಡು ಬಂದು ಟಿಕೆಟ್ ಕಿಟಕಿಯ ಮೇಲೆ ಏರಿತು. ತಂಗಿ ದಿನಾ ತನ್ನದೇ ಫೋಟೋದ ಕೆಳಗೆ ನಡೆದು, ಷವರಿನ ಪಕ್ಕದ ಲಾಕರಿನಲ್ಲಿ ಬಟ್ಟೆಯಿಟ್ಟು, ನೀರಿಗಿಳಿದಳು.

ಕಿಟಕಿಗೆ ಅದರಿಂದ ಸಮಾಧಾನವಾಯಿತು ಎಂದುಕೊಂಡರೆ ನೀವು ಅವಳನ್ನು ಅರಿತಿಲ್ಲ. ಕಂದಾಯ ನನ್ನದು, ಫೋಟೋ ಅವಳದು ಎಂದು ಸಿಕ್ಕವರಿಗೆಲ್ಲ ಹೇಳಿದಳು. ಫೋಟೋದಲ್ಲಿ ಅವಳ ಮುಖ ಬಿದ್ದಿರಲಿಲ್ಲ. ಅಂಚಿನಲ್ಲಿ, ತಂಗಿಯ ಬೆನ್ನ ಹಿಂದೆ, ಒಂದು ಅಂಗೈ ಮಾತ್ರ ಇತ್ತು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತು, ತಂಗಿ ನೀರಿನಲ್ಲಿ ನಡೆಯುವುದನ್ನು ನೋಡುತ್ತಿದ್ದಳು. ಹೆಜ್ಜೆ ಚೆನ್ನಾಗಿ ಬಿದ್ದ ದಿನ ಮುಖ ಗಂಟಿಕ್ಕಿಕೊಂಡು ಮನೆಗೆ ಹೋಗುತ್ತಿದ್ದಳು. ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ, ಉಸಿರಾಡಲು ಕಷ್ಟವಾಗುತ್ತಿದ್ದಾಗಲೂ, ತಂಗಿ ಕೋಲಿಲ್ಲದೆ ವಾರ್ಡಿನೊಳಗೆ ಬಂದದ್ದನ್ನು ನೋಡಿ ನನ್ನ ಕೈ ಚಿವುಟಿ, "ನೋಡೇ, ಹೇಗೆ ಬರ್ತಾಳೆ ನೋಡು," ಎಂದಳು. ಸಾಯುವ ಮೊದಲು ಅವಳು ನನ್ನೊಡನೆ ಆಡಿದ ಕೊನೆಯ ಮಾತುಗಳಲ್ಲಿ ಅದೊಂದು.

ಇಷ್ಟು ವರ್ಷಗಳ ಗೆಳೆತನದಲ್ಲಿ ಅವಳು ನನ್ನ ಮೇಲೆ ಒಂದು ದಿನವೂ ಹೊಟ್ಟೆಕಿಚ್ಚು ಪಡಲಿಲ್ಲ. ನನಗೆ ಬಡ್ತಿ ಬಂದಾಗ ಸಂತೋಷಪಟ್ಟಳು. ನಾನು ಮನೆ ಕೊಂಡಾಗ ಪರದೆ ಹೊಲಿದುಕೊಟ್ಟಳು. ಎಲ್ಲರೂ ಅದನ್ನು ಒಳ್ಳೆಯ ಗೆಳೆತನ ಎನ್ನುತ್ತಾರೆ, ಇರಬಹುದು. ತಂಗಿಯನ್ನು ನೋಡುವಾಗ ಅವಳ ಕಣ್ಣಲ್ಲಿ ಹೊತ್ತಿಕೊಳ್ಳುತ್ತಿದ್ದುದು ನನ್ನನ್ನು ನೋಡುವಾಗ ಹೊತ್ತಿಕೊಳ್ಳಲಿಲ್ಲ. ಈಗ ನನ್ನನ್ನು ಸುಡುತ್ತಿರುವುದು ಅದು.

ಮೊನ್ನೆ ಮತ್ತೆ ನಿಯಮ ಬದಲಾಯಿತು. ಸೇತುವೆಯಾಚೆಯನ್ನು ನಗರಕ್ಕೆ ಸೇರಿಸಿಕೊಂಡು ಎಲ್ಲರಿಗೂ ಒಂದೇ ಕಂದಾಯ ಮಾಡುವುದೇ ತನ್ನ ಬಹುದಿನದ ಕನಸು ಎಂದು ಉಯ್ಯಾಲೆ ಹೇಳಿದ್ದಾನೆ. ಕೊಳದಲ್ಲಿ ಈಗ ಎಲ್ಲರಿಗೂ ಬಿಳಿ ಬಳೆ. ಹಳದಿ ಬಳೆಯ ಫೋಟೋ ಇನ್ನು ಮುಜುಗರ. ನಾನು ಬೆಂಚಿನಲ್ಲಿ, ಅವಳ ಜಾಗದಲ್ಲಿ, ಕೂತಿದ್ದೆ. ಮ್ಯಾನೇಜರ್ ಸ್ಟೂಲು ಹತ್ತಿ ಫೋಟೋ ಇಳಿಸಿ, ಯಾರಿಗಾದರೂ ಬೇಕಾ ಇದು ಎಂದು ಕೇಳಿದರು.

ನನಗೆ ಬೇಕಿತ್ತು. ಅವಳದೆಂದು ಹೇಳಿಕೊಳ್ಳುವಂಥ ಒಂದು ಫೋಟೋವೂ ನನ್ನ ಹತ್ತಿರವಿಲ್ಲ, ಆ ಅಂಗೈಯಾದರೂ ಇರಲಿ ಅನ್ನಿಸಿತು. ಬೆಂಚಿನ ತೋಳಿಗೆ ಕೈಕೊಟ್ಟು ಎದ್ದೆ, ಈಚೆಗೆ ನನ್ನ ಮಂಡಿಯೂ ಹಿಡಿಯುತ್ತದೆ. ಆಗ ಕೊಳದ ಬಾಗಿಲಿನಿಂದ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ, ತಂಗಿ ಬಂದಳು. ಅವಳೂ ಆ ಮಾತು ಕೇಳಿಸಿಕೊಂಡಿದ್ದಳು. ನಮ್ಮಿಬ್ಬರ ಕಣ್ಣು ಸೇರಿತು. ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ, ಆ ಒದ್ದೆ ನೆಲದ ಮೇಲೆ, ಅವಳು ಓಡಿದಳು.