ಮೊಣಕೈ ಬಗ್ಗಿಸಿ ನಿಂತ ಪ್ರಾಣಿ

ಗುಂಡ್ಲುಪೇಟೆಯ ಶಿವರಾಮು ನಿಂತ ಭಂಗಿಯ ಸಿಮೆಂಟಿನ ಬಸವಗಳನ್ನು ಮಾಡುತ್ತಲೇ ತಲೆ ನರೆಸಿಕೊಂಡವರು. ಸುತ್ತಲ ಊರಿನ ಗುಡಿಗಳಲ್ಲೆಲ್ಲ ಅವರ ಬಸವಗಳಿವೆ. ಜನ ಹೂವಿಟ್ಟು ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚಿದವರಿಗೆ ಕೆಲಸ ಹೇಗೆ ಕಾಣಬೇಕು? ಒಬ್ಬರಾದರೂ ಕಣ್ಣು ಬಿಟ್ಟು ನೋಡಿ, ಇದಕ್ಕೆ ಜೀವವಿದೆ ಅಂದುಕೊಳ್ಳಬೇಕು ಎಂಬುದೊಂದೇ ಅವರ ಆಸೆ. ಹೆಂಡತಿ ಶಿವರುದ್ರಮ್ಮ ಕೂಡ ಕೈಮುಗಿದು ಮನೆಗೆ ಹೋಗುವವರೇ.

ಹೋದ ವರ್ಷ ಚಾಮರಾಜನಗರದ ಶಾಲೆಯೊಂದರ ವಿಜ್ಞಾನದ ಮೇಡಂ ಬೃಂದಾ ಎಲುಬಿನ ಚಿತ್ರಗಳನ್ನು ಹಿಡಿದು ಬಂದರು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಅಳಿದುಹೋದ ನಾಲ್ಕು ಕಾಲಿನ ಪ್ರಾಣಿ. ಶಾಲೆಯ ಅಂಗಳಕ್ಕೆ ಅದರ ಬೊಂಬೆ ಬೇಕಂತೆ. ಶಿವರಾಮು ಹಿಗ್ಗಿ ಹೀರೇಕಾಯಿಯಾದರು. ಇದಕ್ಕಂತೂ ಯಾರೂ ಹೂವಿಡುವುದಿಲ್ಲ, ನೋಡಲೇಬೇಕು!

ಆದರೆ ಕೈ ಪಳಗಿದ್ದು ಬಸವನಿಗೆ. ಮುಂಗಾಲುಗಳನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿಬಿಟ್ಟರು. ಮುಂಗಾಲು ಸೊಟ್ಟಗಿರುವ ಎತ್ತನ್ನು ನಮ್ಮ ಕಡೆ ಯಾರು ತಾನೇ ಕೊಳ್ಳುತ್ತಾರೆ?

"ಶಿವರಾಮಣ್ಣ, ಭುಜದ ಗುಳಿ ಪಕ್ಕಕ್ಕೆ ಮುಖ ಮಾಡಿದೆ ನೋಡಿ. ಇದು ನೆಟ್ಟಗೆ ನಿಲ್ಲೋ ಕಾಲಲ್ಲ," ಎಂದರು ಕೆಲಸ ನೋಡಲು ಬಂದ ಬೃಂದಾ, ಎಲುಬಿನ ಚಿತ್ರ ತೋರಿಸಿ.

"ನಾ ಮಾಡ್ದ ಬಸ್ವ ಇಲ್ಗಂಟ ಒಂದಾರ ಬಿದ್ದದಾ ಮೇಡಂ?" ಎಂದು ಶಿವರಾಮು ಸಿಡುಕಿದರು.

ಸಿಡುಕಿದರೂ ಮನಸ್ಸು ಕೇಳಲಿಲ್ಲ. ಜೇಡಿಮಣ್ಣಿನಲ್ಲಿ ಎಲುಬುಗಳನ್ನು ಮಾಡಿ ಕೂಡಿಸಿ ನೋಡಿದರು. ನೆಟ್ಟಗೆ ಇಳಿಬಿಟ್ಟರೆ ತೋಳಿನ ಎಲುಬು ಗುಳಿಯಿಂದ ಜಾರಿತು. ಪಕ್ಕಕ್ಕೆ ಚಾಚಿದರೆ ಸರಿಯಾಗಿ ಕೂತಿತು. ಮೊಣಕೈ ಹಿಂದಿನ ಎಲುಬಿನ ತುದಿ ತೋರಿಸಿ ಬೃಂದಾ ವಿವರಿಸಿದರು: ಸ್ನಾಯು ಹಿಡಿದೆಳೆಯುವುದು ಇಲ್ಲಿಂದ, ಎಷ್ಟು ಬಗ್ಗಿಸಿದರೆ ಅದಕ್ಕೆ ಶ್ರಮ ಕಡಿಮೆಯೋ ಅಷ್ಟೇ ಬಗ್ಗಿಸಿ ಪ್ರಾಣಿ ನಿಂತಿರಬೇಕು. ಶಿವರಾಮು ತಾವೇ ನೆಲಕ್ಕೆ ಕೈಯೂರಿ, ಮೊಣಕೈ ಬಗ್ಗಿಸಿ, ಎತ್ತಿ, ಮತ್ತೆ ಬಗ್ಗಿಸಿ ನೋಡಿದರು. ಆಮೇಲೆ ಎದ್ದು ಸುತ್ತಿಗೆ ತಂದು ಸಿಮೆಂಟಿನ ಪ್ರಾಣಿಯ ಎರಡೂ ಮುಂಗಾಲು ಒಡೆದರು.

ಹೊಸ ಕಾಲಿನ ಪ್ರಾಣಿ ಶಾಲೆಯ ಅಂಗಳಕ್ಕೆ ಬಂದ ದಿನ ಶಿವರುದ್ರಮ್ಮನೂ ಹೋಗಿದ್ದರು. ಅದನ್ನೊಂದು ಸುತ್ತು ಹಾಕಿ, ಬಗ್ಗಿ, ಮುಂಗಾಲನ್ನೇ ದಿಟ್ಟಿಸಿದರು.

"ಯಾವಾಗ್ಲೂ ಇಂಗೇ ನಿಂತಿದ್ರೆ ಅದ್ಕೆ ಮೊಣಕೈ ನೋಯಕಿಲ್ವಾ?"

ಶಿವರಾಮು ಅವರ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ಅವರಿಗೆ ಯಾವ ಬಸವನಿಂದಲೂ ಆಗಿರಲಿಲ್ಲ.

"ಇಲ್ಲ ಕಣಮ್ಮಿ, ಅದ್ಕೆ ಇಂಗೇ ಆರಾಮು."

ಶಿವರುದ್ರಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪ್ರಾಣಿಯ ಮೊಣಕೈಯನ್ನು ಮೆಲ್ಲಗೆ ನೀವಿದರು.